ಗಂಡನನ್ನು ಎತ್ತಲು ಕಲಿತ ಅಕ್ಕ

ಹೊನ್ನಾವರದ ಜಿಮ್ಮಿನ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಕೆಜಿ ಇಳಿಸ್ಬೇಕು ಆಂಟಿ?" ಎಂದು ಕೇಳಿದ.

"ಇಳಿಸೂಕೆ ಅಲ್ಲ ಮಾರಾಯ, ಎತ್ತೂಕೆ. ನಂಗಲ್ಲ, ನಮ್ಮಕ್ಕಂಗೆ. ಗಂಡನ್ನ ಹಾಸಿಗೆಯಿಂದ ಎತ್ತೂಕೆ ಕಲಿಸ್ಬೇಕು."

ಅವನು ನಕ್ಕುಬಿಟ್ಟ. ದಿನವಿಡೀ ಹೊಲಿಗೆ ಮಷಿನ್ ತುಳಿದು, ಸಂಜೆ ಟ್ರೇನರ್ ಹುಡುಕಿಕೊಂಡು ಅಲೆಯುವ ನನಗೆ ಅವನ ಜೊತೆ ಜಗಳ ಆಡುವಷ್ಟೂ ತ್ರಾಣ ಇರಲಿಲ್ಲ. ಕುಮಟೆಯ ಒಬ್ಬ ಫೋನಿನಲ್ಲೇ ಕಲಿಸುತ್ತೇನೆ ಎಂದ. ಇನ್ನೊಬ್ಬ, ಹೆಂಗಸರಿಗೆ ಜುಂಬಾ ಕುಣಿತ ಸಾಕು ಎಂದ. ಬೆಂಕಿ ಬೀಳಲಿ ಇವರ ಜುಂಬಾಕ್ಕೆ!

ಕಾಯ್ಕಿಣಿಯ ನಮ್ಮಕ್ಕ ಮಂಗಲಾ ಬುದ್ಧಿ ಬಂದಾಗಿನಿಂದ ಗದ್ದೆಯಲ್ಲೇ ಸವೆದವಳು. ಕಳೆದ ಮಳೆಗಾಲದಲ್ಲಿ ಭಾವ ಲಿಂಗಪ್ಪನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಆಸ್ಪತ್ರೆಯಲ್ಲಿ ಭಾವನಿಗೆ ವ್ಯಾಯಾಮ ಹೇಳಿಕೊಟ್ಟರು. ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಭಾವ ಆಳು ದಪ್ಪ. ಅವನನ್ನು ಎಬ್ಬಿಸಿ ಪಾಯಖಾನೆಗೆ ಕೂರಿಸಬೇಕೆಂದರೆ ಪಕ್ಕದ ಮನೆಯ ದಾಸನೇ ಬರಬೇಕು. ದಾಸ ಗಾರೆ ಕೆಲಸದವನು, ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ.

ಭಾವ ಅದಕ್ಕೊಂದು ಉಪಾಯ ಕಂಡುಕೊಂಡ. ನೀರು, ಚಾ, ಗಂಜಿತಿಳಿ, ಏನು ಕೊಟ್ಟರೂ ಬೇಡ ಎನ್ನತೊಡಗಿದ. ಅಂಗಳಕ್ಕೆ ಯಾರು ಬಂದರೂ "ಆಸ್ರಿಗೆ ಎಂತ ಕುಡಿತ್ರಿ?" ಎಂದು ಕೇಳದೆ ಬಿಡದ ಮನುಷ್ಯ ಅವನು.

"ಕುಡುದ್ರೆ ಎಬ್ಬಿಸ್ಬೇಕಲ್ಲ. ದಾಸ ಎಲ್ಲಿದ್ದ ಈಗ?" ಎಂದು ಗೋಡೆಯ ಕಡೆ ಮುಖ ಮಾಡುತ್ತಿದ್ದ. ತುಟಿ ಒಡೆದು ರಕ್ತ ಬರುತ್ತಿತ್ತು. ಹೀಗೇ ಆದರೆ ಕಿಡ್ನಿ ಹೋಗುತ್ತದೆ ಎಂದು ಡಾಕ್ಟರು ಬೈದರು. ಅಕ್ಕ ಒಮ್ಮೆ ತಾನೇ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಅವನ ಪಕ್ಕಕ್ಕೇ ಬಿದ್ದಳು. ಗಂಡ ಹೆಂಡತಿ ಇಬ್ಬರೂ ಅಲ್ಲೇ ಬಿದ್ದುಕೊಂಡು ಅತ್ತರಂತೆ. ಅದನ್ನು ಕೇಳಿದ ಮೇಲೇ ನಾನು ಟ್ರೇನರ್ ಹುಡುಕಲು ಹೊರಟದ್ದು.

ಕೊನೆಗೆ ಸಿಕ್ಕವಳು ಭಟ್ಕಳದ ದೀಪಿಕಾ, ಹೆಂಗಸರ ಜಿಮ್ಮಿನವಳು. ಮನೆಗೇ ಬರುತ್ತೇನೆ ಎಂದಳು, ಬಂದಳು. ಅಕ್ಕಿ ಮೂಟೆ ತೋರಿಸಿ, "ಇದ್ನ ಎತ್ತಿ ಆಂಟಿ, ನೋಡ್ವಾ" ಎಂದಳು. ಅಕ್ಕ ಮಂಡಿ ನೇರ ಇಟ್ಟು ಸೊಂಟದಿಂದ ಬಗ್ಗಿದಳು, ಥೇಟ್ ನಾಟಿಗೆ ಬಗ್ಗಿದ ಹಾಗೆ.

"ಇಲ್ಲೇ ತಪ್ಪಿದ್ದು," ಎಂದಳು ದೀಪಿಕಾ.

ಅಕ್ಕನಿಗೆ ಸಿಟ್ಟು ಬಂತು. "ಜೀವಮಾನ ಇಡೀ ಹೀಂಗೇ ಬಗ್ಗಿ ನೆಟ್ಟಿ ಮಾಡಿದ್ದೆ. ಹೊರೆ ಹೊತ್ತಿದ್ದೆ. ನಂಗೆ ಬಗ್ಗೂಕೆ ಕಲಿಸ್ತ್ಯಾ?"

"ಸಸಿಗೆ ಭಾರ ಎಲ್ಲಿ ಅದೆ ಆಂಟಿ? ಮತ್ತೆ ಆ ಹೊರೆ ತಲೆ ಮೇಲೆ ಯಾರು ಇಡ್ತಿದ್ರು?"

ಹೊರೆ ಎತ್ತಿಡಲು ಯಾವಾಗಲೂ ಇನ್ನೊಬ್ಬರು ಕೈ ಜೋಡಿಸುತ್ತಿದ್ದರು. ಹೆಚ್ಚಾಗಿ ಭಾವನೇ.

ಆಮೇಲೆ ಶುರುವಾಯಿತು ಅವಳ ಪಾಡು. ಸೀರೆ ಎತ್ತಿ ಕಟ್ಟಿ, ಮಂಡಿ ಮಡಚಿ, ಮೂಟೆ ಎದೆಗೆ ಅವಚಿ ಏಳುವುದು, ಕೂರುವುದು. ಬೆಳಗಿನ ಗಂಜಿ, ಭಾವನ ಮೈ ಒರೆಸುವುದು, ದನದ ಕೆಲಸ ಎಲ್ಲ ಮುಗಿಸಿದ ಮೇಲೆ ಇದು. ನಾನು ಹೋದಾಗೆಲ್ಲ ತೊಡೆ ಒತ್ತಿಕೊಳ್ಳುತ್ತ ಕೂತಿರುತ್ತಿದ್ದಳು. "ಸಾಕಾತು ಮಾಲತಿ. ನನ್ನೂ ಯಾರಾದ್ರೂ ಎತ್ತಿ ಮಲಗ್ಸಿದ್ರೆ ಆಗಿತ್ತು" ಎನ್ನುತ್ತಿದ್ದಳು. ಮರುದಿನ ನೋಡಿದರೆ ಮತ್ತೆ ಮೂಟೆಯ ಮುಂದೆ ನಿಂತಿರುತ್ತಿದ್ದಳು.

ಮೊನ್ನೆ ಭಾನುವಾರ ದೀಪಿಕಾ ಮೂಟೆ ಬದಿಗೆ ಸರಿಸಿ, "ಇವತ್ತು ಅಂಕಲ್" ಎಂದಳು. ಭಾವ ಗಾಬರಿಯಾದ. "ಬ್ಯಾಡ, ದಾಸ ಬರ್ಲಿ" ಎಂದ.

"ಸುಮ್ಮಂಗಿರಿ," ಎಂದಳು ಅಕ್ಕ. ಅವನನ್ನು ಹಾಸಿಗೆಯ ಅಂಚಿಗೆ ಕೂರಿಸಿ, ಗಟ್ಟಿಯಿದ್ದ ಬಲಗಾಲನ್ನು ನೆಲಕ್ಕೆ ಊರಿಸಿದಳು. ತಾನು ಮಂಡಿ ಮಡಚಿ ಅವನನ್ನು ಎದೆಗೆ ಅವಚಿದಳು. "ಹೂಂ, ಏಳಿ!" ಎಂದಳು. ಇಬ್ಬರೂ ಒಮ್ಮೆ ತೂಗಾಡಿದರು, ನಿಂತರು. ಹಾಗೇ ತಿರುಗಿಸಿ ಕುರ್ಚಿಯಲ್ಲಿ ಕೂರಿಸಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಕ್ಕ ಕಂಬಕ್ಕೆ ಒರಗಿ ಬೆವರು ಒರೆಸಿಕೊಂಡಳು.

ಭಾವ ಹಳೆಯ ದನಿಯಲ್ಲಿ ಗದರಿದ. "ಎಂತ ನೋಡ್ತಿದ್ಯೆ? ಆ ಹುಡ್ಗಿಗೆ ಆಸ್ರಿಗೆ ಕೊಡೂದಿಲ್ವಾ?"

ಅಕ್ಕ ಒಳಗೆ ಹೊರಟಳು. ಹಿಂದಿನಿಂದ ಮತ್ತೆ ಕರೆದ.

"ನಂಗೂ ತಾ. ದೊಡ್ಡ ಲೋಟದಲ್ಲಿ."