ಜಗಲಿ ಹತ್ತಿಸಿದ ಹಾರನ್ನು

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲಿನಿಂದ ಓಡುತ್ತಿದ್ದವು. ಶ್ರೀನಿವಾಸಪುರದಿಂದ ರಾಯಲ್ಪಾಡಿಗೆ ಹೋಗುವ ಬಸ್ಸಿಗೆ ಖುದ್ದೂಸ್ ಸಾಬರೇ ಡ್ರೈವರು. ಮೊದಲು ಜಟಕಾ ಹೊಡೆದವರು. ಏರು ಹತ್ತಲಾರದೆ ಬಸ್ಸು ಏದುಸಿರು ಬಿಟ್ಟಾಗ, ಈಗಲೂ ಕುದುರೆಗೆ ಮಾಡುವಂತೆ ನಾಲಿಗೆ ಲೊಚಗುಟ್ಟಿಸಿ ಅದನ್ನು ಹುರಿದುಂಬಿಸುತ್ತಿದ್ದರು.

ಆ ಬಸ್ಸಿನಲ್ಲಿ ಸರಿಯಾಗಿದ್ದದ್ದು ಒಂದೇ, ರಬ್ಬರ್ ಬುರುಡೆಯ ಹಿತ್ತಾಳೆ ಹಾರನ್ನು. ಹಿಸುಕಿದರೆ ಎಮ್ಮೆಗರು ತಾಯಿಯನ್ನು ಕೂಗಿದಂತಹ ಸದ್ದು. ದಾರಿಯ ಒಂದು ಹಳ್ಳಿಯಲ್ಲಿ ಶಾಲೆ ರಸ್ತೆಗೆ ಅಂಟಿಕೊಂಡೇ ಇತ್ತು. ಮಕ್ಕಳು ಸರಿಯಲೆಂದು ಸಾಬರು ದೂರದಿಂದಲೇ ಹಾರನ್ನು ಹಿಸುಕುವರು. ಅದನ್ನು ನೋಡಲೆಂದೇ ಮಕ್ಕಳು ರಸ್ತೆಗೆ ನುಗ್ಗುವರು. ನುಗ್ಗಿದರೆಂದು ಸಾಬರು ಇನ್ನೂ ಹಿಸುಕುವರು. ಹಿಸುಕಿದಷ್ಟೂ ಮಕ್ಕಳು.

ಒಂದು ಮಧ್ಯಾಹ್ನ ಗಂಗುಲು ಎಂಬ ಪುಟ್ಟ ಹುಡುಗ ಎಡವಿ ಬಸ್ಸಿನ ಮುಂದೆಯೇ ಬಿದ್ದ. ಚಕ್ರ ಅವನ ತಲೆಗೆ ಗೇಣುದ್ದ ಈಚೆ ನಿಂತಿತು. ಅವನು ಎದ್ದು ಮಣ್ಣು ಕೊಡವಿಕೊಂಡು, "ಇನ್ನೊಂದ್ ಸಲ ಮಾಡು ಮಾಮಾ" ಎಂದ. ಸಾಬರು ಇಳಿದು ನೇರ ಶಾಲೆಯೊಳಗೆ ಹೋಗಿ ನಡೆದದ್ದನ್ನು ಹೇಳಿದರು.

"ಹಾರನ್ನೇ ಮಾಡ್ಬೇಡಿ ಸಾಬ್ರೇ, ಸುಮ್ನೆ ಹೋಗ್ಬಿಡಿ" ಎಂದರು ಹೆಡ್ಮೇಷ್ಟ್ರು ಸುಬ್ಬರಾಯಪ್ಪ.

ಮರುದಿನ ಸಾಬರು ಸುಮ್ಮನೆ ಬಂದರು. ಬಸ್ಸಿನ ಗೊರಗೊರಕ್ಕೆ ಒಗ್ಗಿಹೋಗಿದ್ದ ಹುಡುಗಿಯರು ರಸ್ತೆಯ ನಡುವೆ ಕುಂಟೆಬಿಲ್ಲೆ ಆಡುತ್ತ ತಲೆಯನ್ನೇ ಎತ್ತಲಿಲ್ಲ. ಬ್ರೇಕ್ ಹಾಕಿದ ರಭಸಕ್ಕೆ ಸಂತೆಗೆ ಹೊರಟಿದ್ದ ಗಂಗರತ್ನಮ್ಮಜ್ಜಿಯ ಮಾವಿನಕಾಯಿ ಬುಟ್ಟಿ ಮಗುಚಿತು.

"ಏಮಯ್ಯಾ, ಬಸ್ನಾಗೇ ಉಪ್ಪಿನಕಾಯಿ ಹಾಕ್ತೀಯಾ?" ಎಂದು ಅಜ್ಜಿ ಸಿಡುಕಿದಳು.

ಸಾಬರು ಕೆಳಗಿಳಿದು ಮಕ್ಕಳನ್ನೆಲ್ಲ ಕರೆದರು. "ಕೇಳ್ರೋ ಇಲ್ಲಿ. ದೂರದಾಗೆ ಹಾರನ್ ಕೇಳಿದ್ ಕೂಡ್ಲೆ ಶಾಲೆ ಜಗಲಿ ಹತ್ಬೇಕು. ಎಲ್ಲಾರ ಕಾಲೂ ಮೇಲಿದ್ರೆ ಬಸ್ ನಿಲ್ಲಿಸಿ ಒಬ್ರ ಕೈಗೆ ಹಾರನ್ ಕೊಡ್ತೀನಿ. ಒಬ್ಬ ಕೆಳಗಿದ್ರೂ ಯಾರ್ಗೂ ಇಲ್ಲ."

"ಮೊದ್ಲು ನಂಗೇ! ಬಿದ್ದಿದ್ದು ನಾನು!" ಎಂದ ಗಂಗುಲು.

ಅಂದಿನಿಂದ ಹಾರನ್ನು ಕೇಳುತ್ತಲೇ ದೊಡ್ಡ ಮಕ್ಕಳು ಚಿಕ್ಕವರನ್ನು ಎಳೆದುಕೊಂಡು ಜಗಲಿ ಹತ್ತುತ್ತಿದ್ದರು. ಒಮ್ಮೆ ರಸ್ತೆಯಲ್ಲಿ ನಿಂತು ನಶ್ಯ ಏರಿಸುತ್ತಿದ್ದ ಹೆಡ್ಮೇಷ್ಟ್ರನ್ನೂ, "ಸಾರ್, ನಿಮ್ ಕಾಲು! ನಿಮ್ ಕಾಲು!" ಎಂದು ಪಂಚೆ ಹಿಡಿದು ಹತ್ತಿಸಿದರು. ತಡವಾಯಿತೆಂದು ಪ್ರಯಾಣಿಕರು ಗೊಣಗಿದರೆ ಗಂಗರತ್ನಮ್ಮಜ್ಜಿಯೇ, "ಹಿಸುಕ್ಲಿ ಬಿಡ್ರಯ್ಯಾ, ಸಂತೆ ಎಲ್ಲಿಗ್ ಓಡೋಗ್ತದೆ?" ಎನ್ನುವಳು.

ಒಂದು ದಿನ ಬಸ್ಸು ಬಂದಾಗ ಜಗಲಿಯ ಮೇಲೆ ಎಲ್ಲರೂ ಮುಖ ಊದಿಸಿಕೊಂಡು ಕೂತಿದ್ದರು.

"ಮೋಸ ಮಾಮಾ!" ಎಂದ ಗಂಗುಲು. "ಮದನಪಲ್ಲಿ ಕಡೆಯಿಂದ ಲಾರಿ ಬಂತು. ಹಾರನ್ ಮಾಡ್ದ. ನಾವೆಲ್ಲಾ ಆಟ ಬಿಟ್ಟು ಹತ್ತಿದ್ವಿ. ಅವ್ನು ನಿಲ್ಲಿಸ್ಲೇ ಇಲ್ಲ, ಗಾಳಿ ಹಂಗೆ ಹೊಂಟೋದ. ನೋಡು!"

ಅವನ ಅಂಗೈಯಲ್ಲಿ, ಲಾರಿಯ ಚಕ್ರಕ್ಕೆ ಸಿಕ್ಕ ಬುಗುರಿಯ ಚೂರುಗಳಿದ್ದವು.

ಸಾಬರು ಆ ಚೂರುಗಳನ್ನು ನೋಡಿ ಗಂಗುಲುವಿನ ತಲೆ ಸವರಿದರು. ಆಮೇಲೆ, "ಅವ್ನು ಕೊಡ್ದಿದ್ರೆ ಬಿಡ್ರೋ. ಇವತ್ತು ಎಲ್ಲಾರೂ ಹಿಸುಕಿ, ಬನ್ನಿ" ಎಂದರು.

ಆ ದಿನ ಬಸ್ಸು ರಾಯಲ್ಪಾಡು ಸೇರುವ ಹೊತ್ತಿಗೆ ಊರಿನಲ್ಲಿ ದೀಪ ಹಚ್ಚಿದ್ದರು.