ಚಾಪೆಯಮ್ಮನನ್ನು ಓಡಿಸಿ ನಾವು ಉಳಿಸಿದ ಕೆರೆ

ಮೊದಲೇ ಹೇಳಿಬಿಡುತ್ತೇನೆ, ನಾನು ಕೆಟ್ಟವನಲ್ಲ. ಕೆಟ್ಟವನಾಗಲು ಬೇಕಾದ ಧೈರ್ಯ ನನಗಿಲ್ಲ. ವಿಮಾ ಕಚೇರಿಯ ಎರಡನೇ ಮಹಡಿಯಲ್ಲಿ ಕೂತು, ಅರ್ಜಿ ಹಾಕಿದವರಿಗೆ ‘ಆಗುವುದಿಲ್ಲ’ ಎಂಬುದನ್ನು ಗೌರವದ ಮಾತಿನಲ್ಲಿ ಬರೆದು ಕಳಿಸುವುದು ನನ್ನ ಹೊಟ್ಟೆಪಾಡು. ಭಾನುವಾರ ಬೆಳಿಗ್ಗೆ ಮಾತ್ರ ನಾನು ಕೆರೆ ಬಳಗದ ಕಾರ್ಯದರ್ಶಿ.

ಬಳಗವೆಂದರೆ ಹನ್ನೊಂದು ಜನ. ಅಧ್ಯಕ್ಷರು ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು. ವಾರವಾರ ನಮ್ಮ ಬಡಾವಣೆಯ ಹಿಂದಿನ ಕೆರೆಯ ದಂಡೆಯಲ್ಲಿ ಪ್ಲಾಸ್ಟಿಕ್ ಹೆಕ್ಕುತ್ತಿದ್ದೆವು. ಒಮ್ಮೆ ಕಟ್ಟಡ ಒಡೆದ ಕಲ್ಲುಮಣ್ಣು ಸುರಿಯಲು ಬಂದ ಲಾರಿಗೆ ಅಡ್ಡ ನಿಂತು ಅದನ್ನು ವಾಪಸ್ಸು ಕಳಿಸಿದ್ದೂ ಉಂಟು. ಲಾರಿ ಹಿಂದಕ್ಕೆ ಹೋದದ್ದೇ ತಡ, ನಮಗೆ ಕೊಂಬು ಮೂಡಿತು. ಇನ್ನು ಯಾರನ್ನು ಓಡಿಸೋಣ ಎಂದು ಸುತ್ತ ನೋಡಿದೆವು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಜೊಂಡುಹುಲ್ಲು ಕುಯ್ಯುತ್ತಿದ್ದ ಚಾಪೆಯಮ್ಮ ಕಣ್ಣಿಗೆ ಬಿದ್ದರು.

ಆಗ ಅವರಿಗೆ ಐವತ್ತರ ಹತ್ತಿರ. ಎಣ್ಣೆ ಗಿರಣಿಯ ಹಿಂದಿನ ಓಣಿಯಲ್ಲಿ ಮನೆ. ಗಂಡ ಬೇಗ ತೀರಿಕೊಂಡ ಮೇಲೆ ಮಗಳನ್ನು ಸಾಕಿದ್ದು, ಓದಿಸಿದ್ದು, ಎಲ್ಲ ಚಾಪೆ ಹೆಣೆದೇ. ಜೊಂಡು ಕುಯ್ಯುವುದನ್ನು ಕಲಿಸಿದವರು ಅವರ ತಾಯಿ. ನೀರುಕೋಳಿಯ ಮರಿಗಳು ಗೂಡು ಬಿಟ್ಟು ಈಜಿಕೊಂಡು ಹೋದ ಮೇಲೆಯೇ ಕುಡುಗೋಲು ಹಿಡಿಯಬೇಕು. ಒಂದು ಪಟ್ಟಿ ಕುಯ್ದರೆ ಪಕ್ಕದ ಪಟ್ಟಿಯನ್ನು ಬಿಡಬೇಕು, ಮುಂದಿನ ವರ್ಷ ಅದರ ಸರದಿ. ಎಲ್ಲಿ ಮತ್ತೆ ಬೆಳೆಯಬೇಕೋ ಅಲ್ಲಿ ನೀರಿಗಿಂತ ಒಂದು ಗೇಣು ಮೇಲೆ ಕುಯ್ಯಬೇಕು. ಬೇಡವಾದಲ್ಲಿ ನೀರೊಳಗೆ ಕೈಹಾಕಿ ಬುಡದಲ್ಲಿ ಕುಯ್ದರೆ, ಕೂಳೆಗೆ ನೀರು ನುಗ್ಗಿ ಅದು ಅಲ್ಲೇ ಕೊಳೆಯುತ್ತದೆ. ಇದೆಲ್ಲ ನಮಗೆ ಗೊತ್ತಾಗಿದ್ದು ಆಮೇಲೆ. ಆವತ್ತು ನಮಗೆ ಕಂಡದ್ದು ಕುಡುಗೋಲು ಮಾತ್ರ.

“ಏನಮ್ಮ, ಹಕ್ಕಿಗಳ ಮನೆ ಕುಯ್ತಾ ಇದ್ದೀಯಲ್ಲ, ನಿನ್ನ ಮನೇನ ಯಾರಾದ್ರೂ ಹೀಗೆ ಕುಯ್ದರೆ?” ಎಂದರು ಮೇಷ್ಟ್ರು.

“ಗೂಡಿರೋ ಕಡೆ ನಾನು ಹೋಗಲ್ಲ ಸಾರ್. ಕುಯ್ಯದೆ ಬಿಟ್ರೆ ಇದು ಕೆರೇನೇ ನುಂಗುತ್ತೆ.”

“ಕೆರೆ ನುಂಗೋ ಹುಲ್ಲಂತೆ. ನೀರು ಕುಡಿಯೋಕೆ ಲೋಟ ಬೇಕಾ ಕೇಳಿ ಅದಕ್ಕೆ” ಎಂದೆ ನಾನು. ಎಲ್ಲರೂ ನಕ್ಕರು. ನನ್ನ ಮಾತಿಗೆ ನಾಲ್ಕು ಜನ ನಗುವುದು ಅಪರೂಪ. ಹಾಗಾಗಿ ಆ ನಗು ಇನ್ನೂ ಕಿವಿಯಲ್ಲಿದೆ.

ಮುಂದಿನ ಭಾನುವಾರ ದಂಡೆಯ ಮೇಲೆ ಬೋರ್ಡು ನೆಟ್ಟೆವು. ಒಕ್ಕಣೆ ನನ್ನದೇ: ‘ಜೊಂಡು ಕುಯ್ಯುವುದು ಅಪರಾಧ. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.’

“ಯಾವ ಕಾನೂನು ರೀ?” ಎಂದು ಹೆಂಡತಿ ಕೇಳಿದಳು.

“ಕಾನೂನು ಅಂದ್ರೆ ಕಾನೂನು ಕಣೆ. ಎಲ್ಲೋ ಇದ್ದೇ ಇರುತ್ತೆ.”

ಚಾಪೆಯಮ್ಮ ಯಾರದೋ ಕೈಲಿ ಅದನ್ನು ಓದಿಸಿ ಕೇಳಿದರಂತೆ. ಕುಡುಗೋಲಿಗೆ ಗೋಣಿಚೀಲ ಸುತ್ತಿಕೊಂಡು ಹೋದವರು ಮತ್ತೆ ಕೆರೆಯ ಕಡೆ ಬರಲಿಲ್ಲ.

ಮೊದಲ ವರ್ಷ ಜೊಂಡು ಹಸಿರು ಗೋಡೆಯ ಹಾಗೆ ಎದ್ದಿತು. ನಾವು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಎರಡನೇ ವರ್ಷ ಅದು ನಡುನೀರಿಗೆ ಇಳಿಯಿತು. ಮೂರನೇ ವರ್ಷ ಕೆರೆಯೇ ಕಾಣಲಿಲ್ಲ. ಹಳೇ ಜೊಂಡು ಬಿದ್ದು ಕೊಳೆತು, ಮೀನು ಸತ್ತು, ನಾತಕ್ಕೆ ದಂಡೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಈಜಲು ನೀರಿಲ್ಲದ ಮೇಲೆ ನೀರುಕೋಳಿ ಏಕೆ ಇರುತ್ತದೆ? ಕಾಲೇಜಿನಿಂದ ಸಸ್ಯಶಾಸ್ತ್ರದ ಮೇಡಂ ಒಬ್ಬರನ್ನು ಕರೆಸಿದೆವು. ಅವರು ಒಂದು ಸುತ್ತು ಹಾಕಿ ಕೇಳಿದರು, “ಹಿಂದೆ ಇಲ್ಲಿ ಯಾರೋ ಕ್ರಮವಾಗಿ ಕುಯ್ತಾ ಇದ್ದಿರಬೇಕಲ್ಲ. ನಿಲ್ಲಿಸಿದ್ದು ಯಾರು?”

ಹನ್ನೊಂದು ಜನವೂ ಜೊಂಡನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆವು.

ಚಾಪೆಯಮ್ಮನನ್ನು ಮಾತನಾಡಿಸಿ ಬರುವ ಕೆಲಸ ಕಾರ್ಯದರ್ಶಿಯ ತಲೆಗೆ ಬಂತು. ಎಣ್ಣೆ ಗಿರಣಿಯ ಓಣಿಗೆ ಹೋದೆ. ಚಾಪೆ ಹೆಣೆಯುವ ಚೌಕಟ್ಟನ್ನು ಗೋಡೆಗೆ ಒರಗಿಸಿ, ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದರು. ಮಗಳು ಬಾಗಿಲಿಗೆ ಬಂದು, “ಅಮ್ಮ ಕೆಲಸಕ್ಕೆ ಹೋಗಿದಾರೆ. ವಿಮಾ ಕಚೇರಿಲಿ ನೆಲ ಒರೆಸ್ತಾರೆ, ಎರಡನೇ ಮಹಡಿ. ಎರಡು ವರ್ಷ ಆಯ್ತು” ಎಂದಳು.

ಎರಡನೇ ಮಹಡಿ ನನ್ನದು. ಪ್ರತಿದಿನ ಹನ್ನೊಂದು ಗಂಟೆಗೆ ನನ್ನ ಮೇಜಿನ ಕೆಳಗೆ ಒದ್ದೆ ಬಟ್ಟೆಯ ಕೋಲು ಬರುತ್ತಿತ್ತು. ನಾನು ಕಾಲೆತ್ತುತ್ತಿದ್ದೆ. ಕೋಲು ಹೋಗುತ್ತಿತ್ತು, ಕಾಲಿಳಿಸುತ್ತಿದ್ದೆ. ಎರಡು ವರ್ಷ ಕಾಲೆತ್ತಿದವನು ಒಂದು ದಿನವೂ ತಲೆಯೆತ್ತಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಎದ್ದು ನಿಂತೆ. ಚಾಪೆಯಮ್ಮ ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದರು.

“ನನ್ನ ಗುರುತು ಸಿಕ್ತಾ ಅಮ್ಮ?”

“ಮೊದಲನೇ ದಿನಾನೇ ಸಿಕ್ತು ಸಾರ್. ನಿಮಗೆ ಗೊತ್ತಾದ್ರೆ ಇಲ್ಲಿಂದಾನೂ ತೆಗೆಸ್ತೀರೇನೋ ಅಂತ ಮುಖ ತಗ್ಗಿಸಿಕೊಂಡೇ ಒರೆಸ್ತಿದ್ದೆ.”

ಕೆರೆಯ ಸ್ಥಿತಿ ಹೇಳಿದೆ. ಮತ್ತೆ ಬಂದು ಕುಯ್ಯಬೇಕು ಎಂದೆ. ಅವರು ಕೋಲನ್ನು ಗೋಡೆಗೆ ಒರಗಿಸಿದರು. ಫಿನಾಯಿಲಿಗೆ ಬಿರಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ತಗ್ಗಿದ ದನಿಯಲ್ಲಿ ಕೇಳಿದರು, “ಆ ಕಾನೂನು ಈಗ ತೆಗೆದ್ರಾ ಸಾರ್?”

ತೆಗೆದರು ಎಂದಿದ್ದರೆ ಮುಗಿಯುತ್ತಿತ್ತು. ಅಂಥ ವಾಕ್ಯಗಳನ್ನು ದಿನಕ್ಕೆ ಹತ್ತು ಬರೆಯುವವನು ನಾನು. ಆದರೆ ಅವರ ಬೆರಳು ನೋಡಿದ ಮೇಲೆ ನಾಲಿಗೆ ಹೊರಳಲಿಲ್ಲ.

“ಆಗಲೂ ಇರಲಿಲ್ಲ ಅಮ್ಮ. ನಾನೇ ಬರೆದದ್ದು.”

ಅವರು ಬೈಯಬಹುದು ಎಂದುಕೊಂಡೆ, ಅಳಬಹುದು ಎಂದುಕೊಂಡೆ. ಅವರು ಮತ್ತೆ ಕೋಲು ಹಿಡಿದರು. ಪಕ್ಕದ ಮೇಜಿನ ಕೆಳಗೂ ಒರೆಸಿ ಮುಗಿಸಿದರು. ಬಕೆಟ್ಟು ಎತ್ತಿಕೊಳ್ಳುತ್ತಾ, “ಈ ಕೆಲಸ ನಾನು ಬಿಡಲ್ಲ. ಭಾನುವಾರ ಬರ್ತೀನಿ. ಈಗ ನನ್ನೊಬ್ಬಳ ಕೈಲಿ ಆಗೋದಲ್ಲ, ನೀವೆಲ್ಲ ನೀರಿಗೆ ಇಳೀಬೇಕು. ಮೇಷ್ಟ್ರೂ” ಎಂದರು.

ಭಾನುವಾರ ಹನ್ನೊಂದು ಜನ ಪ್ಯಾಂಟು ಮಡಿಸಿಕೊಂಡು ಕೆಸರಿಗೆ ಇಳಿದೆವು. ಚಾಪೆಯಮ್ಮ ಮುಂದೆ ನಿಂತು ಯಾವ ಪಟ್ಟಿ, ಎಷ್ಟು ಎತ್ತರ ಎಂದು ತೋರಿಸಿದರು. ಕೆರೆ ಪೂರ್ತಿ ತೆರೆಯಲು ಮೂರು ವರ್ಷ ಬೇಕು ಎಂದರು. ಮೇಷ್ಟ್ರು ಅಲ್ಲೇ ಒಂದು ಭಾಷಣ ಶುರುಮಾಡಲು ನೋಡಿದರು. “ಬಾಯಿಗಿಂತ ಕೈ ಆಡ್ಲಿ ಸಾರ್” ಎಂದು ಚಾಪೆಯಮ್ಮ ಅಂದಿದ್ದೇ ತಡ, ಬಗ್ಗಿ ಕುಯ್ಯತೊಡಗಿದರು.

ನಾನು ಚಾಪೆಯಮ್ಮನ ಪಕ್ಕದ ಸಾಲಿನಲ್ಲಿದ್ದೆ. ಕುಯ್ಯಲು ಬಗ್ಗಿದವನು, ಮುಖ ಕಾಣದ ಅನುಕೂಲ ನೋಡಿಕೊಂಡು, ವಾರದಿಂದ ಉರುಹೊಡೆದಿದ್ದನ್ನು ಹೇಳಿದೆ. “ಅಮ್ಮ, ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಬೇಕು.”

‘ಇರಲಿ ಬಿಡಿ ಸಾರ್’ ಎನ್ನುತ್ತಾರೆಂದು ಕಾದೆ.

“ಮೊಣಕಾಲು ಬಗ್ಗಿಸಿ. ಸೊಂಟ ಅಲ್ಲ” ಎಂದು ಅವರು ಮುಂದಿನ ಪಟ್ಟಿಗೆ ಹೋದರು.