ಯುದ್ಧದ ತಿಂಗಳಲ್ಲಿ ಬೀಗರ ಮನೆಗೆ

ತುಮಕೂರಿನ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಬೆಳಗಿನ ರೈಲು ಹತ್ತಿ ಕೂತೆ. ನನ್ನ ಹೆಂಡತಿ ಸರೋಜ ಕಿಟಕಿಯ ಸರಳು ಹಿಡಿದು ಮತ್ತೊಮ್ಮೆ ಹೇಳಿದಳು. "ಸರಿಯಾಗಿ ಕೇಳ್ಕಂಡು ಬರ್ರಿ. ಬೀಗರ ಮನೆ ಹೋಳಿಗೆ ಉಂಡು ಸುಮ್ನೆ ಬರಬ್ಯಾಡ್ರಿ." ಅವಳು ಹುಟ್ಟಿದ್ದು ದಾವಣಗೆರೆಯಲ್ಲಿ. ಮದುವೆಯಾಗಿ ಇಷ್ಟು ವರ್ಷವಾದರೂ ಗಾಬರಿಯಾದಾಗ ತವರಿನ ಮಾತೇ ಬಾಯಿಗೆ ಬರುತ್ತದೆ.

ಗಾಬರಿಗೆ ಕಾರಣವಿತ್ತು. ನಮ್ಮ ಮಗಳು ಶೈಲಾಗೆ ಹರಿಹರದ ಹತ್ತಿರ ಕೊಕ್ಕನೂರಿನ ವೀರೇಶ ಎಂಬ ಹುಡುಗ ಗೊತ್ತಾಗಿದ್ದ. ವಾಯುಪಡೆಯಲ್ಲಿ ಹೆಲಿಕಾಪ್ಟರ್ ಮೆಕ್ಯಾನಿಕ್. ಚಳಿಗಾಲದಲ್ಲಿ ನಿಶ್ಚಿತಾರ್ಥ ಮುಗಿದು, ಶ್ರಾವಣಕ್ಕೆ ಮದುವೆ ಎಂದು ಮಾತಾಗಿತ್ತು. ಅಷ್ಟರಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ಮೊದಲ ದಿನಗಳಲ್ಲೇ ನಮ್ಮ ಎರಡು ಯುದ್ಧವಿಮಾನ ಹೋದವು. ಬೆನ್ನಿಗೇ ಒಂದು ಹೆಲಿಕಾಪ್ಟರನ್ನು ಹೊಡೆದುರುಳಿಸಿದರು, ಒಳಗಿದ್ದ ಒಬ್ಬರೂ ಉಳಿಯಲಿಲ್ಲ. ಅದಾದ ಮೇಲೆ ವೀರೇಶ ಒಮ್ಮೆ ತನ್ನ ಮನೆಗೆ ಫೋನ್ ಮಾಡಿ "ಆರಾಮಿದೀನಿ" ಎಂದಿದ್ದ. ಆಮೇಲೆ ಸುದ್ದಿಯಿಲ್ಲ. ಹುಡುಗ ಎಷ್ಟು ಅಪಾಯದಲ್ಲಿದ್ದಾನೆಂದು ತಿಳಿದುಕೊಂಡು ಮದುವೆ ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಬೇಕು ಎಂದು ಸರೋಜ ಪಟ್ಟು ಹಿಡಿದಿದ್ದಳು. ಜೂನ್ ಕೊನೆಯ ವಾರ ನಾನು ಹೊರಟದ್ದು ಅದಕ್ಕೆ.

ನನಗೆ ಅಷ್ಟೇನೂ ಹೆದರಿಕೆಯಿರಲಿಲ್ಲ. ನಾನೂ ವಾಯುಪಡೆಯಲ್ಲಿ ಎಂಜಿನ್ ಫಿಟರ್ ಆಗಿ ದುಡಿದವನು. ಎಪ್ಪತ್ತೊಂದರ ಯುದ್ಧದಲ್ಲಿ ಪಂಜಾಬಿನ ನೆಲೆಯೊಂದರಲ್ಲಿದ್ದೆ. ನೆಲದ ಮೇಲೆ ಕೆಲಸ ಮಾಡುವವನಿಗೆ ಏನಾಗುತ್ತದೆ, ನಾನು ಗುಂಡುಕಲ್ಲಿನ ಹಾಗೆ ವಾಪಸು ಬರಲಿಲ್ಲವೇ ಎಂದು ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸಿದ್ದೆ. ಶೈಲಾ ಮಾತ್ರ ಏನೂ ಕೇಳಿರಲಿಲ್ಲ, ಏನೂ ಹೇಳಿರಲಿಲ್ಲ.

ಅರಸೀಕೆರೆ ದಾಟುವಷ್ಟರಲ್ಲಿ ಎದುರು ಸೀಟಿನ ಪಂಪ್‌ಸೆಟ್ ವ್ಯಾಪಾರಿ ಪೇಪರ್ ಮಡಚಿ ನನ್ನನ್ನು ವಿಚಾರಿಸಿಕೊಂಡ. ವಾಯುಪಡೆಯವನೆಂದು ತಿಳಿದದ್ದೇ ಇಡೀ ಬೋಗಿ ನನ್ನ ಕಡೆ ತಿರುಗಿತು. "ಅಷ್ಟೊಂದು ಹೊಸ ವಿಮಾನ ತಂದ್ರಲ್ಲ ಸಾರ್, ಮತ್ಯಾಕೆ ಬಿದ್ವು?" ಎಂದು ಆತ ಕೇಳಿದ. ನಾನೇ ಬೀಳಿಸಿದೆನೋ ಎಂಬಂತಿತ್ತು ಅವನ ಧಾಟಿ.

ಗೊತ್ತಿದ್ದಷ್ಟು ಹೇಳಿದೆ. ಎಪ್ಪತ್ತೊಂದರಲ್ಲಿ ಪೈಲಟ್ ಕಣ್ಣಳತೆಯಲ್ಲೇ ಬಾಂಬು ಹಾಕಬೇಕಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಜಾಗ್ವಾರ್ ಬಂತು, ಫ್ರಾನ್ಸಿನ ಮಿರಾಜ್ ಬಂತು, ರಷ್ಯಾದಿಂದ ಹೊಸ ಮಿಗ್‌ಗಳೂ ರಾಕೆಟ್ ಹೊರುವ ದೊಡ್ಡ ಹೆಲಿಕಾಪ್ಟರ್‌ಗಳೂ ಬಂದವು. ಒಂದೊಂದು ಬಂದಾಗಲೂ ತಲೆ ನರೆತ ನಾವು ಬೆಂಚಿನ ಮೇಲೆ ಕೂತು ಮತ್ತೆ ಅಆಇಈಯಿಂದ ಕಲಿತೆವು. ಸ್ಪ್ಯಾನರ್ ಹಿಡಿದೇ ಗೊತ್ತಿದ್ದ ಕೈಗಳು ಕಂಪ್ಯೂಟರ್ ಪೆಟ್ಟಿಗೆ ಬಿಚ್ಚಲು ಹಿಂಜರಿಯುತ್ತಿದ್ದವು. ಆದರೆ ಬಯಲಲ್ಲಿ, ಮರಳುಗಾಡಿನಲ್ಲಿ ಕಾದಾಡುವುದನ್ನೇ ನಾವು ಹೆಚ್ಚು ಅಭ್ಯಾಸ ಮಾಡಿದ್ದು. ಈಗ ಶತ್ರು ಹಿಮದ ಶಿಖರದ ಮೇಲೆ ಬಂಡೆ ಮರೆಯಲ್ಲಿ ಕೂತಿದ್ದಾನೆ. ಅಲ್ಲಿನ ತೆಳು ಗಾಳಿಯಲ್ಲಿ ಎಂಜಿನ್ನಿಗೂ ಉಬ್ಬಸ, ಬಾಂಬೂ ಗುರಿ ತಪ್ಪುತ್ತದೆ. ಮೇಲಾಗಿ ಗಡಿ ರೇಖೆ ದಾಟಬಾರದೆಂಬ ಅಪ್ಪಣೆ. ಈಗ ಮಿರಾಜ್‌ಗಳು ಎತ್ತರದಿಂದಲೇ, ಬೆಳಕಿನ ಕಿರಣದ ಜಾಡು ಹಿಡಿದು ಹೋಗುವ ಬಾಂಬು ಹಾಕುತ್ತಿವೆ. "ಇನ್ನು ಪರವಾಗಿಲ್ಲ" ಎಂದೆ. ಯಾರಿಗೆ ಧೈರ್ಯ ಹೇಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ದಾವಣಗೆರೆಯಲ್ಲಿ ಇಳಿದಾಗ ಮೋಡ ಕವಿದು ಮೈ ಬೆವರುವ ಸೆಕೆ. ಸಂಬಂಧ ಕುದುರಿಸಿದ್ದ ಸರೋಜಳ ತಮ್ಮ ರುದ್ರೇಶ ಮಂಡಿಪೇಟೆಯ ಬಟ್ಟೆ ಅಂಗಡಿಯಿಂದ ಎದ್ದು ಬಂದು, ನನ್ನನ್ನು ಬೆಣ್ಣೆ ದೋಸೆ ಹೋಟೆಲಿಗೆ ಎಳೆದುಕೊಂಡು ಹೋದ. "ಭಾವ, ಯಾಕ ಮುಖ ಸಣ್ಣ ಮಾಡ್ಕಂಡೀರಿ? ಹುಡುಗ ನಟ್ಟು ಬೋಲ್ಟು ಬಿಗಿಯೋನು. ಅಂಥೋರಿಗೇನಾಕ್ಕೈತೆ?" ಎಂದ. ಅದೇ ಮಾತನ್ನು ನಾನು ಹೇಳುವಾಗ ಗಟ್ಟಿಯಾಗಿ ಕೇಳಿಸುತ್ತಿತ್ತು, ಅವನ ಬಾಯಲ್ಲಿ ಯಾಕೋ ಟೊಳ್ಳಾಗಿ ಕೇಳಿಸಿತು. ಎರಡನೇ ದೋಸೆ ತಟ್ಟೆಯಲ್ಲೇ ಉಳಿಯಿತು.

ಅವನಿಗೆ ಮದುವೆ ಸೀಸನ್ನಿನ ಗಿರಾಕಿಗಳು, ಹಾಗಾಗಿ ನಾನೊಬ್ಬನೇ ಹರಿಹರದ ಬಸ್ ಹತ್ತಿದೆ. ಅರ್ಧ ಗಂಟೆಯ ದಾರಿ. ಹರಿಹರದ ಬಸ್ ನಿಲ್ದಾಣದ ಚಹಾದಂಗಡಿಯ ಟಿವಿಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಯನ್ನು ಇಳಿಸುತ್ತಿದ್ದರು. ಅಂಗಡಿಯವನು ಸ್ಟೋವ್ ಸಣ್ಣ ಮಾಡಿ ನಿಂತ. ಸತ್ತವನು ಯಾವ ಊರಿನವನೆಂದು ಟಿವಿಯಲ್ಲಿ ಹೇಳುವ ತನಕ ನಾನು ಲೋಟ ತುಟಿಗೆ ತಾಗಿಸಲಿಲ್ಲ. ನಮ್ಮ ಕಡೆಯವನಲ್ಲ. ಸಮಾಧಾನವಾಯಿತು, ಹಾಗೆ ಸಮಾಧಾನವಾದದ್ದಕ್ಕೆ ಹೇಸಿಗೆಯೂ ಆಯಿತು. ಮಲೇಬೆನ್ನೂರಿನ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಟೆಂಪೋದಲ್ಲಿ ನಿಂತುಕೊಂಡೇ ಕೊಕ್ಕನೂರು ತಲುಪಿದೆ.

ವೀರೇಶನ ತಂದೆ ಚನ್ನಬಸಪ್ಪ ಗದ್ದೆಯಿಂದ ಆಗ ತಾನೇ ಬಂದು ಕಾಲು ತೊಳೆಯುತ್ತಿದ್ದರು. ಮಿತಮಾತಿನ ಮನುಷ್ಯ. ತಾಯಿ ಗೌರಮ್ಮ ಬಾಗಿಲಿಗೇ ಬಂದರು. "ಬರ್ರಿ ಬೀಗರ, ಕೂಡ್ರಿ. ನೀವು ಬಂದಿದ್ದು ಭಾಳ ಚಲೋ ಆತು. ಈ ವಿಮಾನದ ಸುದ್ದಿ ನಮಗೇನ್ ತಿಳೀತೈತೆ?" ಎಂದರು. ಹೋಳಿಗೆ ಆಗಲೇ ತಟ್ಟೆಯಲ್ಲಿತ್ತು.

ಗೋಡೆಯ ಮೇಲೆ ವೀರೇಶನ ಫೋಟೋ ಇತ್ತು. ನಿಶ್ಚಿತಾರ್ಥಕ್ಕೆ ಸಾದಾ ಬಟ್ಟೆಯಲ್ಲಿ ಬಂದಿದ್ದ ಹುಡುಗನನ್ನು ನಾನು ಸಮವಸ್ತ್ರದಲ್ಲಿ ಕಂಡದ್ದು ಅದೇ ಮೊದಲು. "ಯುಗಾದಿಗೆ ಕಳ್ಸಿದ್ದು" ಎಂದು ಗೌರಮ್ಮ ಸೆರಗಿನಿಂದ ಗಾಜು ಒರೆಸಿದರು. ನನ್ನ ಕಣ್ಣು ಎಡಗಡೆಯ ಜೇಬಿನ ಮೇಲೆ ನಿಂತುಬಿಟ್ಟಿತು. ಅಲ್ಲಿ ಒಂದೇ ರೆಕ್ಕೆಯ ಬ್ಯಾಡ್ಜ್ ಇತ್ತು.

ನಮ್ಮಲ್ಲಿ ಎರಡು ರೆಕ್ಕೆಯಿದ್ದರೆ ಪೈಲಟ್. ಒಂದೇ ರೆಕ್ಕೆಯಿದ್ದರೆ ಪೈಲಟ್ ಜೊತೆ ಹಾರುವವನು. ನೆಲದ ಮೇಲೆ ಕೆಲಸ ಮಾಡುವವನ ಎದೆಯ ಮೇಲೆ ರೆಕ್ಕೆ ಇರುವುದಿಲ್ಲ, ನಾನು ನಿವೃತ್ತನಾಗುವ ತನಕ ನನಗಿರಲಿಲ್ಲ. ಹೊಸ ಹೆಲಿಕಾಪ್ಟರ್‌ಗಳಲ್ಲಿ ಎಂಜಿನ್ ನೋಡಲು, ಬಂದೂಕು ಹಿಡಿಯಲು ಮೆಕ್ಯಾನಿಕ್‌ಗಳನ್ನೇ ಆರಿಸಿ ತರಬೇತು ಮಾಡಿ ಮೇಲೆ ಕರೆದೊಯ್ಯುತ್ತಾರೆ. ಹುಡುಗ ನಿಶ್ಚಿತಾರ್ಥವಾದ ಮೇಲೆ ಆ ತರಬೇತಿ ಮುಗಿಸಿದ್ದ. ಬಿದ್ದ ಹೆಲಿಕಾಪ್ಟರಿನಲ್ಲಿ ಸತ್ತವರಲ್ಲೂ ಇಂಥವರಿದ್ದರು. ಮುರಿದ ಹೋಳಿಗೆಯನ್ನು ತಟ್ಟೆಗೇ ಹಾಕಿ ನೀರು ಕೇಳಿದೆ.

ಗೌರಮ್ಮ ನೀರು ಕೊಟ್ಟು, ದೇವರ ಜಗಲಿಯ ಮುಂದೆ ಕೂತು ಎರಡು ದೀಪ ಹಚ್ಚಿದರು. "ಒಂದು ಮನಿಗೆ, ಇನ್ನೊಂದು ಆ ಹಾರೋ ಹುಡುಗ್ರಿಗೆ. ನನ್ನ ಮಗ ಕೆಳಗೆ ಅದಾನೆ, ಅವನದೇನು ಚಿಂತಿಲ್ಲ. ಮೇಲೆ ಹೋಗೋ ಮಕ್ಕಳಿಗೂ ತಾಯಿ ಇರ್ತಾಳಲ್ರಿ. ಆಕಿ ಹೊಟ್ಟಿ ಹೆಂಗೆ ಉರೀತಿರಬೇಕು." ಆಮೇಲೆ ನನ್ನ ಕಡೆ ತಿರುಗಿ ಕೇಳಿದರು, "ಕೆಳಗಿರೋರಿಗೆ ಏನೂ ಭಯ ಇಲ್ಲ, ಹೌದಲ್ರಿ? ನೀವು ಅದ್ರಾಗೇ ಇದ್ದೋರು."

"ಇಲ್ಲಮ್ಮ, ಕೆಳಗಿರೋರಿಗೆ ಭಯ ಇಲ್ಲ" ಎಂದೆ. ಸುಳ್ಳೇನೂ ಹೇಳಲಿಲ್ಲ. ಆದರೂ ಅವರ ಮುಖ ನೋಡಲಾಗಲಿಲ್ಲ.

ಚನ್ನಬಸಪ್ಪ ಬಸ್ ಹತ್ತಿಸಲು ರಸ್ತೆಯ ತನಕ ಬಂದರು. ನಾಲೆಯ ಸೇತುವೆ ದಾಟಿದ ಮೇಲೆ ನಿಂತು, ಹಿಂದೆ ಮುಂದೆ ನೋಡಿ ಹೇಳಿದರು. "ಫೋಟೋ ನೋಡಿದ್ರಿ. ನಿಮಗೆ ತಿಳೀತು ಅಂತ ನನಗೂ ತಿಳೀತು."

"ನಿಮಗೆ ಮೊದಲೇ ಗೊತ್ತಿತ್ತಾ?"

"ಫೋನಿನಾಗೆ ನನಗೊಬ್ಬನಿಗೇ ಹೇಳ್ಯಾನೆ. ಗಾಯ ಆದೋರನ್ನ ಗುಡ್ಡದ ಮ್ಯಾಲಿಂದ ಇಳಸ್ತಾನಂತೆ. ಅವ್ವಗೆ ಹೇಳಬ್ಯಾಡ ಅಂದ. ಆಕಿಗೆ ಎದಿ ನೋವು ಐತೆ, ನಾನೂ ಹೇಳಿಲ್ಲ." ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. "ಆದ್ರೆ ನಿಮಗೆ ಮುಚ್ಚಿಟ್ಟು ಹೆಣ್ಣು ತಂದ್ಕಂಡ್ರೆ ತಪ್ಪಾಕ್ಕೈತೆ. ಬ್ಯಾಡ ಅಂದ್ರೆ ಅನ್ರಿ ಬೀಗರ. ನಾವು ಬೇಜಾರಾಗಲ್ಲ."

ಅಪ್ಪನಾಗಿ ನನ್ನ ಬಾಯಿಗೆ ಬಂದದ್ದು 'ಬೇಡ' ಎಂಬ ಮಾತೇ. ಅದನ್ನು ನುಂಗಿಕೊಂಡು, "ಮಗಳನ್ನು ಕೇಳಬೇಕು" ಎಂದೆ. ಅವರು ತಲೆಯಾಡಿಸಿದರು. ಬಸ್ ಬಂದಾಗ ಕೈಯೆತ್ತಿ ನಿಲ್ಲಿಸಿದರು.

ದಾವಣಗೆರೆಯಲ್ಲಿ ರುದ್ರೇಶನ ಮನೆಯಲ್ಲಿ ತಂಗಿ, ಮರುದಿನದ ರೈಲು ಹಿಡಿದೆ. ಅವತ್ತು ಯಾರಿಗೂ ನಾನು ವಾಯುಪಡೆಯವನೆಂದು ಹೇಳಲಿಲ್ಲ. ಕಿಟಕಿಗೆ ಮಳೆ ಬಡಿಯುತ್ತಿತ್ತು. ಮಗಳಿಗೆ ಯಾವ ಮಾತಿನಿಂದ ಶುರು ಮಾಡಲಿ ಎಂದು ದಾರಿಯುದ್ದಕ್ಕೂ ಯೋಚಿಸಿ, ತುಮಕೂರು ಬಂದರೂ ಒಂದು ಮಾತೂ ಹೊಳೆಯಲಿಲ್ಲ.

ಸ್ಟೇಷನ್ನಿಗೆ ಶೈಲಾ ಒಬ್ಬಳೇ ಕೊಡೆ ಹಿಡಿದು ಬಂದಿದ್ದಳು. ಮನೆಗೆ ಹೋದರೆ ಅವಳಮ್ಮನ ಎದುರು ಹೇಳಲಾಗುವುದಿಲ್ಲವೆಂದು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂರಿಸಿ ಎಲ್ಲ ಹೇಳಿದೆ. ರೆಕ್ಕೆ ಎಂದರೇನು, ಗಾಯಾಳುಗಳನ್ನು ಇಳಿಸುವುದೆಂದರೇನು, ಬಿದ್ದದ್ದು ಯಾವ ಹೆಲಿಕಾಪ್ಟರ್, ಗೌರಮ್ಮ ಯಾರಿಗಾಗಿ ದೀಪ ಹಚ್ಚುತ್ತಾರೆ, ಚನ್ನಬಸಪ್ಪ ಏನೆಂದರು. "ನೀನು ಬೇಡ ಅಂದರೆ ಇವತ್ತೇ ಫೋನ್ ಮಾಡ್ತೀನಿ" ಎಂದೆ. ಅವಳು ಬೇಡ ಎನ್ನಲಿ ಎಂದು ಆಸೆಪಟ್ಟದ್ದೂ ನಿಜ.

ಅವಳು ಕೊಡೆಯ ನೀರು ಕೊಡವಿ ಮಡಚಿದಳು. ಕಣ್ಣು ತುಂಬಿತ್ತು.

"ಅವರ ಅಮ್ಮನಿಗೆ ಹೇಳಿದ್ರಾ ಅಪ್ಪ?"

"ಇಲ್ಲ."

"ಹೇಳಬೇಡಿ" ಎಂದು ಎದ್ದು ನಿಂತಳು. "ಆ ಮನೆಗೆ ಹೋದ್ಮೇಲೆ ನಾನೇ ಹೇಳ್ತೀನಿ."